ಬ್ರೇಕ್ ಹಿಡಿಯುತ್ತೆ ಸರಿ, ಬಿಡುತ್ತಾ?

ಪೋಸ್ಟ್ 1/9

ಮೊದಲನೇ ಫೋಟೋ ನೋಡಿ. ನಮ್ಮ ಮನೆ ಕಾರಿನ ಎಡಗಡೆ ಮುಂದಿನ ಚಕ್ರದ ಡಿಸ್ಕ್ ಇದು. ಬೆಳ್ಳಗೆ ಹೊಳೀಬೇಕಾದ್ದು ನೀಲಿ ತಿರುಗಿದೆ. ಫಿಲ್ಟರ್ ಏನೂ ಹಾಕಿಲ್ಲ ಕಣ್ರೋ, ಕಾದೂ ಕಾದೂ ಕಬ್ಬಿಣವೇ ಹಾಗಾಗಿದೆ.

ನಡೆದದ್ದು ಇಷ್ಟು. ತುಮಕೂರಲ್ಲಿ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಊರಿಗೆ ವಾಪಸ್ ಬರ್ತಿದ್ವಿ. ಅಪ್ಪ ಓಡಿಸ್ತಿದ್ರು, ನಾನು ಪಕ್ಕದಲ್ಲಿ. ಹಿಂದಿನ ಸೀಟಲ್ಲಿ ಅಮ್ಮ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ. ಶಿರಾ ದಾಟಿದ ಮೇಲೆ "ಗಾಡಿ ಯಾಕೋ ಎಡಕ್ಕೆ ಎಳೀತೈತಲ್ಲ" ಅಂದ್ರು ಅಪ್ಪ. "ಟೈರಲ್ಲಿ ಗಾಳಿ ಕಮ್ಮಿ ಇರಬೇಕು, ಊರಿಗೆ ಹೋಗಿ ನೋಡಣ" ಅಂದೆ. ಗುಯಿಲಾಳು ಟೋಲ್ ಹತ್ತಿರ ನಿಂತಾಗ ಸುಟ್ಟ ವಾಸನೆ ಬಂತು. ಮುಂದೆ ಒಂದು ಲಾರಿ ಇತ್ತು. "ಲಾರೀದು" ಅಂದೆ. ಆಟೋಮೊಬೈಲ್ ಡಿಪ್ಲೊಮಾ ಓದೋ ಮಗ ಹೇಳಿದ ಮೇಲೆ ಅಪ್ಪ ಯಾಕೆ ಅನುಮಾನ ಪಡ್ತಾರೆ?

ಐಮಂಗಲ ಬಂತು. ಹೈವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯೋಕೆ ಅಪ್ಪ ಬ್ರೇಕ್ ಒತ್ತಿದ್ರು. ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗೆ ಪೆಡಲ್ ಒಳಗೆ ಹೋಯ್ತು. ಗಾಡಿ ನಿಲ್ಲಲಿಲ್ಲ. ಅಪ್ಪ ಮಾತಾಡಲಿಲ್ಲ, ಗೇರ್ ಇಳಿಸಿದ್ರು, ಪೆಡಲ್ ಪಂಪ್ ಮಾಡಿದ್ರು, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದ್ರು. ರಸ್ತೆ ಪಕ್ಕದ ಶೇಂಗಾ ಹೊಲದ ಬದುವಿನ ಹತ್ತಿರ ಗಾಡಿ ನಿಂತಿತು. ಇಳಿದು ನೋಡಿದರೆ ಎಡ ಚಕ್ರದಿಂದ ಹೊಗೆ.

ಯಾರಿಗೂ ಏನೂ ಆಗಲಿಲ್ಲ. "ಬಂತೇನೋ ಮನೆ?" ಅಂತ ಅಜ್ಜಿ ಕೇಳಿದ್ಲು, ಅಷ್ಟೇ. ಆ ಪ್ರಶ್ನೆ ನನಗೆ ಇನ್ನೂ ಕಿವಿಯಲ್ಲಿದೆ.

ಬ್ರೇಕ್ ಹಿಡಿಯದೇ ಇದ್ದದ್ದು ಕಥೆಯ ಕೊನೆ. ಶುರುವಾಗಿದ್ದು ಬ್ರೇಕ್ ಬಿಡದೇ ಇದ್ದದ್ದರಿಂದ. ಈ ಒಂಬತ್ತು ಪೋಸ್ಟಲ್ಲಿ ಹೇಳೋದು ಅದನ್ನೇ.

ಪೋಸ್ಟ್ 2/9

ಬ್ರೇಕಿಗೆ ಎರಡು ಕೆಲಸ. ಒತ್ತಿದಾಗ ಹಿಡೀಬೇಕು, ಕಾಲು ತೆಗೆದಾಗ ಬಿಡಬೇಕು. ಮೊದಲನೇದನ್ನ ಎಲ್ಲರೂ ನೋಡ್ತೀವಿ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋವಾಗ "ಬ್ರೇಕ್ ಹೆಂಗೈತೆ?" ಅಂತ ಕೇಳ್ತೀವಿ, ಒಂದ್ಸಲ ಜೋರಾಗಿ ಒತ್ತಿ ನೋಡ್ತೀವಿ. "ಬ್ರೇಕ್ ಸರಿಯಾಗಿ ಬಿಡುತ್ತಾ?" ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ.

ಎರಡನೇ ಫೋಟೋದಲ್ಲಿ ಕ್ಯಾಲಿಪರ್ ಇದೆ. ನಮ್ಮ ಕಡೆ ಓಡಾಡೋ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಕ್ಯಾಲಿಪರಲ್ಲಿ ಒಂದೇ ಪಿಸ್ಟನ್ ಇರುತ್ತೆ, ಒಳಗಿನ ಪ್ಯಾಡ್ ಹಿಂದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತೆ, ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಒತ್ತುತ್ತೆ. ಎರಡು ಬೆರಳಲ್ಲಿ ರೊಟ್ಟಿ ಹಿಡಿದ ಹಾಗೆ.

ಈಗ ಕಾಲು ತೆಗೆದಿರಿ. ಪಿಸ್ಟನ್ನನ್ನು ವಾಪಸ್ ಎಳೆಯೋರು ಯಾರು?

ಡ್ರಮ್ ಬ್ರೇಕಲ್ಲಿ ದಪ್ಪ ಸ್ಪ್ರಿಂಗ್ ಇದೆ, ಅದು ಎಳೆಯುತ್ತೆ. ಡಿಸ್ಕ್ ಬ್ರೇಕಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇದೆ. ಪಿಸ್ಟನ್ ಮುಂದೆ ಹೋದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತೆ, ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಬರುತ್ತೆ. ಬರೋವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಂಡು ಬರುತ್ತೆ. ಅಷ್ಟೇ. ನೂರು ಕಿಲೋಮೀಟರ್ ಸ್ಪೀಡಲ್ಲಿ ಓಡೋ ಗಾಡಿಯ ಪ್ಯಾಡ್ ಬಿಡೋಕೆ ಇರೋ ಶಕ್ತಿ ಆ ರಬ್ಬರಿನ ಮೊಂಡುತನ ಒಂದೇ. ಮಿಕ್ಕಿದ್ದನ್ನ ತಿರುಗೋ ಡಿಸ್ಕ್ ತಾನೇ ತಳ್ಳಿಕೊಳ್ಳುತ್ತೆ.

ಹಾಗಾಗಿ ಪಿಸ್ಟನ್ ಮೇಲೆ ಒಂಚೂರು ತುಕ್ಕು, ಪಿನ್ ಒಣಗಿದ್ದು, ಪ್ಯಾಡಿನ ಕಿವಿ ಕೂರೋ ಜಾಗದಲ್ಲಿ ಧೂಳಿನ ಗಟ್ಟಿ, ಇದರಲ್ಲಿ ಯಾವುದೊಂದಿದ್ದರೂ ಸಾಕು. ಬ್ರೇಕ್ ಹಿಡಿಯುತ್ತೆ, ಬಿಡಲ್ಲ. ಗ್ಯಾರೇಜ್ ಭಾಷೆಯಲ್ಲಿ "ಬ್ರೇಕ್ ಜಾಮ್".

ಪೋಸ್ಟ್ 3/9

"ಸ್ವಲ್ಪ ಉಜ್ಜಿಕೊಂಡು ಹೋದ್ರೆ ಏನಾಗುತ್ತೆ ಬಿಡೋ" ಅಂತ ನಮ್ಮ ಕ್ಲಾಸಿನವನೇ ಒಬ್ಬ ಕೇಳಿದ. ಲೆಕ್ಕ ಹಾಕೋಣ, ಪಿಯುಸಿ ಫಿಸಿಕ್ಸ್ ಸಾಕು.

ಜಾಮ್ ಆದ ಚಕ್ರ ಗಾಡಿಯನ್ನ 10 ಕೆಜಿ ತೂಕದಷ್ಟು ಬಲದಲ್ಲಿ ಹಿಂದಕ್ಕೆ ಎಳೀತಿದೆ ಅಂದುಕೊಳ್ಳಿ. ಅಂದರೆ ಸುಮಾರು 98 ನ್ಯೂಟನ್. ಗಾಡಿ 80 ಕಿಲೋಮೀಟರ್ ಸ್ಪೀಡಲ್ಲಿದೆ, ಸೆಕೆಂಡಿಗೆ 22 ಮೀಟರ್ ಚಿಲ್ಲರೆ. ಎರಡನ್ನೂ ಗುಣಿಸಿ: 2,100 ವ್ಯಾಟ್‌ಗಿಂತ ಜಾಸ್ತಿ. ಮನೆ ಬಚ್ಚಲಿನ ಗೀಸರ್ 2 ಕಿಲೋವ್ಯಾಟ್ ಇರುತ್ತಲ್ಲ, ಅಷ್ಟು. ಒಂದು ಗೀಸರನ್ನ ಆನ್ ಮಾಡಿ, ನೀರೇ ಇಲ್ಲದೆ, ಚಕ್ರದೊಳಗೆ ಇಟ್ಟುಕೊಂಡು ಶಿರಾದಿಂದ ಐಮಂಗಲದವರೆಗೆ ಬಂದ ಹಾಗೆ. ಪೆಟ್ರೋಲ್ ಖರ್ಚು ಬೇರೆ.

ಆ ಬಿಸಿ ಎಲ್ಲಿಗೆ ಹೋಗುತ್ತೆ? ಡಿಸ್ಕಿಗೆ, ಪ್ಯಾಡಿಗೆ, ಚಕ್ರದ ಬೇರಿಂಗ್ ಗ್ರೀಸಿಗೆ, ಪಿಸ್ಟನ್ ಮೂಲಕ ಬ್ರೇಕ್ ಆಯಿಲ್‌ಗೆ. ಅಪಾಯ ಇರೋದು ಕೊನೇದರಲ್ಲಿ.

ನಾವು ಆಯಿಲ್ ಅಂತೀವಿ, ಆದರೆ ಅದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವ, ಗಾಳಿಯಿಂದ ನೀರಿನ ಅಂಶ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205 ಮತ್ತು 140. ಎಷ್ಟೋ ಕಂಪನಿಗಳ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬರೆದಿರೋದು ಇದಕ್ಕೇ.

ನಮ್ಮ ಕಾರಿಗೆ ಎಂಟು ವರ್ಷ. ಬ್ರೇಕ್ ಆಯಿಲ್ ಬದಲಾಯಿಸಿದ್ದು ಒಂದ್ಸಲವೂ ಇಲ್ಲ, ಕಮ್ಮಿಯಾದಾಗ ಮೇಲಿಂದ ತುಂಬಿದ್ದಷ್ಟೇ.

ದ್ರವವನ್ನ ಹಿಂಡೋಕೆ ಆಗಲ್ಲ, ಆವಿಯನ್ನ ಹಿಂಡಬಹುದು. ಕುದ್ದು ಗುಳ್ಳೆ ಬಂದ ಮೇಲೆ ಪೆಡಲ್ ಒತ್ತಿದರೆ ಗುಳ್ಳೆ ಸಣ್ಣದಾಗುತ್ತೆ, ಪ್ಯಾಡಿಗೆ ಒತ್ತಡ ಸಿಗಲ್ಲ. ಅವತ್ತು ಅಪ್ಪನ ಕಾಲಿಗೆ ಸಿಕ್ಕ ಹತ್ತಿ ಮೂಟೆ ಅದೇ. ಬಿಡದ ಬ್ರೇಕು ಕೊನೆಗೆ ಹಿಡಿಯದ ಬ್ರೇಕಾಗುತ್ತೆ.

ಪೋಸ್ಟ್ 4/9

ಡ್ಯಾಶ್‌ಬೋರ್ಡಲ್ಲಿ ಲೈಟ್ ಬರಲ್ವಾ ಅಂತ ಕೇಳ್ತೀರಿ. ಬರಲ್ಲ. ಕೆಂಪು ಬ್ರೇಕ್ ಲೈಟ್ ಹತ್ತೋದು ಹ್ಯಾಂಡ್ ಬ್ರೇಕ್ ಎಳೆದಿದ್ದರೆ, ಇಲ್ಲ ಆಯಿಲ್ ಮಟ್ಟ ಇಳಿದಿದ್ದರೆ. ಎಬಿಎಸ್ ನೋಡೋದು ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅನ್ನೋದನ್ನ, ಎಷ್ಟು ಕಾದಿದೆ ಅನ್ನೋದನ್ನಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಒಳ್ಳೇದೇ. ಆದರೆ ಜಾಮ್ ಆದ ಬ್ರೇಕನ್ನ ಅದು ನಿಮಗೆ ಹೇಳಲ್ಲ.

ರೈಲ್ವೆಯವರಿಗೆ ಇದು ಚೆನ್ನಾಗಿ ಗೊತ್ತು. ಅವರಲ್ಲಿ ಇದಕ್ಕೆ "ಬ್ರೇಕ್ ಬೈಂಡಿಂಗ್" ಅಂತ ಹೆಸರೇ ಇದೆ. ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ನಿಂತು ನೋಡಿ. ರೈಲು ನಿಲ್ಲದೆ ಹೋಗ್ತಿದ್ದರೂ ಸಿಬ್ಬಂದಿ ಬಾವುಟ ಹಿಡಿದು ಹೊರಗೆ ನಿಂತಿರ್ತಾರೆ. ಬರೀ ಬಾವುಟ ತೋರಿಸೋಕಲ್ಲ. ಯಾವುದಾದರೂ ಚಕ್ರದಿಂದ ಹೊಗೆ ಬರ್ತಿದೆಯಾ, ಏನಾದರೂ ನೇತಾಡ್ತಿದೆಯಾ ಅಂತ ನೋಡೋದು ಅವರ ಕೆಲಸ. ಒಳಗೆ ಕೂತವರಿಗೆ ಕಾಣಲ್ಲ, ಹೊರಗಿನವರು ನೋಡಬೇಕು ಅನ್ನೋ ನಿಯಮ.

ನಮ್ಮ ಕಾರಿಗೆ ಹೊರಗೆ ನಿಂತು ನೋಡೋರು ಯಾರು? ನಾವೇ ಇಳಿದು ನೋಡಬೇಕು. ಒಂದು ಪಾನಾ ಸಹ ಬೇಡ:

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಕಮ್ಮಿ ಬಳಸಿ ನಿಲ್ಲಿಸಿ. ಇಳಿದು ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಅಷ್ಟೇ. ಮುಂದಿನ ಚಕ್ರ ಹಿಂದಿನದಕ್ಕಿಂತ ಬಿಸಿ ಇರೋದು ಸಹಜ. ಎಡಕ್ಕೂ ಬಲಕ್ಕೂ ಹೋಲಿಸಿ. ಒಂದು ಕಡೆ ಒಲೆ ಮುಂದೆ ಕೂತ ಹಾಗಿದ್ದರೆ ಅಲ್ಲೇ ಇದೆ ಕಾಯಿಲೆ.

ಒಂದು ಚಕ್ರದ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂತಿದೆಯಾ? ಓಡಿಸ್ತಾ ಓಡಿಸ್ತಾ ಎಳೆತ ಜಾಸ್ತಿ ಆಗ್ತಾ ಹೋಗುತ್ತಾ? ಟೈರ್ ಗಾಳಿಯದ್ದಾದರೆ ಮೊದಲಿಂದ ಕೊನೆವರೆಗೂ ಒಂದೇ ಥರ ಎಳೆಯುತ್ತೆ. ಬ್ರೇಕಿನದ್ದಾದರೆ ಕಾದಂತೆಲ್ಲ ಜಾಸ್ತಿ. ಅವತ್ತು ನನಗೆ ಈ ವ್ಯತ್ಯಾಸ ಹೊಳೆಯಲಿಲ್ಲ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ ಇಬ್ಬರು ತಳ್ಳಿದರೆ ಗಾಡಿ ಹಗುರವಾಗಿ ಹೋಗುತ್ತಾ?

ಇನ್ನೊಂದು ಮಾತು. ಹೊಗೆ ಕಂಡರೆ ಬಾಟಲಿ ನೀರು ಸುರೀಬೇಡಿ. ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ದೂರ ನಿಂತು ತಾನಾಗೇ ಆರೋಕೆ ಬಿಡಿ. ಬೆಂಕಿಯೇ ಕಂಡರೆ ಗಾಡಿ ಬಿಟ್ಟು ಎಲ್ಲರೂ ದೂರ ಹೋಗಿ.

ಪೋಸ್ಟ್ 5/9

ಯಾವ ಚಕ್ರ ಅಂತ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗಬೇಕಲ್ಲ? ಇಲ್ಲಿಂದ ಮುಂದೆ ಕೈ ಪಳಗಿದವರು ಪಕ್ಕದಲ್ಲಿರಬೇಕು. ನನ್ನ ಪಕ್ಕ ನಮ್ಮ ಮಾವ ಇದ್ರು, ಹಳೇ ಲಾರಿ ಮೆಕ್ಯಾನಿಕ್. ಅವರು ಮಾಡಿ ತೋರಿಸಿದ್ದು ಹೀಗೆ.

ಗಾಡಿ ಪೂರ್ತಿ ಆರಿದ ಮೇಲೆ ಗಟ್ಟಿ ಸಮತಟ್ಟು ನೆಲ. ಹಿಂದಿನ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ಗೇರ್ ನ್ಯೂಟ್ರಲ್. ಜಾಕ್ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಟ್ರು. ಬರೀ ಜಾಕ್ ನಂಬಿ ಚಕ್ರ ಬಿಚ್ಚಿದರೆ ಬೈಗುಳ ತಿಂತೀರಿ. ಎರಡು ಸಲ ಬ್ರೇಕ್ ಒತ್ತಿ ಬಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿದ್ರು. ಬಲಗಡೆ ಸಲೀಸಾಗಿ ತಿರುಗಿತು. ಎಡಗಡೆ ಅಲುಗಲಿಲ್ಲ.

"ಈಗ ಹೇಳು, ಆಯಿಲ್ ಒತ್ತಡ ಹಿಡ್ಕಂಡೈತಾ, ಕಬ್ಬಿಣ ಹಿಡ್ಕಂಡೈತಾ?" ಅಂತ ಕೇಳಿದ್ರು. ನಾನು ಸುಮ್ಮನಿದ್ದೆ. ಕ್ಯಾಲಿಪರ್ ಹಿಂದೆ ಗಾಳಿ ತೆಗೆಯೋ ನಿಪ್ಪಲ್ ಇರುತ್ತೆ. ಅದಕ್ಕೆ ಸಣ್ಣ ಪೈಪ್ ಹಾಕಿ, ಬಾಟಲಿಗೆ ಬಿಟ್ಟು, ಅರ್ಧ ಸುತ್ತು ಸಡಿಲ ಮಾಡಿದ್ರು.

ಈ ಒಂದು ಪರೀಕ್ಷೆ ನೆನಪಿಟ್ಕೊಳ್ಳಿ. ನಿಪ್ಪಲ್ ಬಿಚ್ಚಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಸಡಿಲ ಆದರೆ, ಒತ್ತಡ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಆಗ ಕ್ಯಾಲಿಪರ್ ಬದಲಾಯಿಸಿದರೂ ಪ್ರಯೋಜನ ಇಲ್ಲ. ಮತ್ತೆ ಒತ್ತಿ ಜಾಮ್ ಮಾಡಿ, ಈ ಸಲ ರಬ್ಬರ್ ಹೋಸ್ ಕಬ್ಬಿಣದ ಪೈಪಿಗೆ ಸೇರೋ ಜಾಗದಲ್ಲಿ ಸಡಿಲ ಮಾಡಬೇಕು. ಅಲ್ಲೂ ಬಿಟ್ಟರೆ ತೊಂದರೆ ಮೇಲೆ, ಅಂದರೆ ಮಾಸ್ಟರ್ ಸಿಲಿಂಡರ್ ಕಡೆ. ಅಲ್ಲಿ ಬಿಡದೆ ನಿಪ್ಪಲಲ್ಲಿ ಮಾತ್ರ ಬಿಟ್ಟರೆ ಹೋಸ್ ಒಳಗೇ ಊದಿಕೊಂಡಿದೆ. ಹೊರಗಿಂದ ಹೊಸದರ ಹಾಗೆ ಕಾಣುತ್ತೆ, ಒಳಗೆ ಒತ್ತಿದಾಗ ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ. ಎಡ ಬಲ ಎರಡೂ ಒಟ್ಟಿಗೆ ಜಾಮ್ ಆದರೆ ಮೊದಲ ಅನುಮಾನ ಮಾಸ್ಟರ್ ಸಿಲಿಂಡರ್, ಪೆಡಲ್ ಫ್ರೀ ಪ್ಲೇ ಮೇಲೆ ಇರಲಿ.

ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ? ಆಗ ಕಬ್ಬಿಣ ಹಿಡ್ಕೊಂಡಿದೆ. ಪಿಸ್ಟನ್, ಪಿನ್, ಇಲ್ಲ ಪ್ಯಾಡ್.

ನಮ್ಮದು ಬಿಡಲಿಲ್ಲ.

ಪೋಸ್ಟ್ 6/9

ಕ್ಯಾಲಿಪರ್ ಬಿಚ್ಚಿ ಪ್ಯಾಡ್ ತೆಗೆದ್ವಿ. ಐದನೇ ಫೋಟೋ ನೋಡಿ. ಒಳಗಿನ ಪ್ಯಾಡ್ ಕಬ್ಬಿಣದವರೆಗೂ ಸವೆದಿದೆ, ಹೊರಗಿನದು ಓರೆಯಾಗಿ ಸವೆದಿದೆ. ಒಳಗಿನದಕ್ಕೂ ಹೊರಗಿನದಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಪಿನ್ ಜಾರ್ತಿಲ್ಲ ಅಂತ ಅರ್ಥ. ಎರಡೂ ಸಮನಾಗಿ ಸವೆದು, ಇನ್ನೊಂದು ಚಕ್ರದ ಪ್ಯಾಡ್ ದಪ್ಪ ಇದ್ದರೆ ಪಿಸ್ಟನ್ ಅಥವಾ ಹೋಸ್ ನೋಡಬೇಕು. ಪ್ಯಾಡ್ ಎಸೆಯೋ ಮುಂಚೆ ಅದನ್ನ ಓದಿ, ಅದೇ ರಿಪೋರ್ಟು.

ಮೇಲಿನ ಪಿನ್ ಕೈಯಲ್ಲೇ ಬಂತು. ಕೆಳಗಿನದು ಬರಲಿಲ್ಲ. ಮಾವ ತಿರುಗಿಸಿ ತಿರುಗಿಸಿ ಎಳೆದ್ರು. ಬಂದಾಗ ಅದರ ರಬ್ಬರ್ ಊದಿಕೊಂಡು ಮೆತ್ತಗಾಗಿತ್ತು, ಬೆರಳಿಗೆ ಅಂಟ್ತಿತ್ತು. ಪಿನ್ ಮೇಲೆ ಹಳದಿ ಗ್ರೀಸ್.

"ಯಾವನೋ ಇದನ್ನ ಹಾಕಿದ್ದು?" ಅಂದ್ರು ಮಾವ. ಅಪ್ಪ ಹಿಂದಿನ ಗ್ಯಾರೇಜಿನವರನ್ನ ಬೈಯೋಕೆ ಶುರು ಮಾಡಿದ್ರು.

ನಾನು ಬಾಯಿ ಬಿಟ್ಟೆ. ಆ ಗ್ರೀಸ್ ಹಾಕಿದ್ದು ನಾನು.

ಐದು ತಿಂಗಳ ಹಿಂದೆ ಪ್ಯಾಡ್ ಸವೆದಿತ್ತು. ಅದಕ್ಕೂ ಮುಂಚೆ ಒಂದ್ಸಲ ಗ್ಯಾರೇಜಲ್ಲಿ ಹಾಕಿಸಿದ್ವಿ, ಇಷ್ಟು ಬೇಗ ಯಾಕೆ ಸವೆಯಿತು ಅಂತ ಯಾರೂ ಕೇಳಲಿಲ್ಲ. ಈ ಸಲ ನಾನೇ ಹಾಕ್ತೀನಿ ಅಂದೆ. ಒಂದು ರೀಲ್ ನೋಡಿದ್ದೆ, "ಪಿನ್‌ಗೆ ಗ್ರೀಸ್ ಹಾಕಿ" ಅಂತ ಇತ್ತು. ಮನೇಲಿ ಟ್ರ್ಯಾಕ್ಟರಿಗೆ ತಂದ ಬೇರಿಂಗ್ ಗ್ರೀಸ್ ಇತ್ತು. ಹಾಕಿದೆ, ಫೋಟೋ ತೆಗೆದೆ, ಸ್ಟೋರಿ ಹಾಕಿದೆ. ನಿಮ್ಮಲ್ಲಿ ಎಷ್ಟೋ ಜನ ಲೈಕ್ ಕೊಟ್ಟಿದ್ರಿ.

ಬ್ರೇಕಿನ ರಬ್ಬರ್ ಬೇರೆ ಜಾತಿ. ಗ್ಲೈಕಾಲ್ ದ್ರವವನ್ನ ತಡೆದುಕೊಳ್ಳುತ್ತೆ, ಪೆಟ್ರೋಲಿಯಂ ಎಣ್ಣೆಯನ್ನ ತಡೆಯಲ್ಲ. ಇಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ತಾಗಿದರೆ ಊದಿಕೊಳ್ಳುತ್ತೆ. ಊದಿದ ರಬ್ಬರ್ ಪಿನ್ನನ್ನ ಹಿಡಿದುಕೊಂಡಿತು, ಕ್ಯಾಲಿಪರ್ ಜಾರಲಿಲ್ಲ, ಪ್ಯಾಡ್ ಬಿಡಲಿಲ್ಲ.

ಮಾವ ಬೈಯಲಿಲ್ಲ. "ಗ್ರೀಸ್ ಹಾಕದೇ ಇದ್ದಿದ್ರೂ ಇಷ್ಟು ಬೇಗ ಹಿಡಕಳ್ತಿರ್ಲಿಲ್ಲ ಕಣೋ" ಅಂದ್ರು. ಬೈದಿದ್ದರೆ ಚೆನ್ನಾಗಿತ್ತು.

ಪೋಸ್ಟ್ 7/9

ಸರಿ ಮಾಡಿದ್ದು ಹೇಗೆ ಅಂತ ಕ್ರಮವಾಗಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಬಿಚ್ಚಿದ ಕ್ಯಾಲಿಪರನ್ನ ಹೋಸ್ ಮೇಲೆ ನೇತಾಡೋಕೆ ಬಿಡಬೇಡಿ, ಹೋಸ್ ಒಳಗೆ ಹರಿಯುತ್ತೆ. ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ.

ಬ್ರೇಕ್ ಧೂಳನ್ನ ಗಾಳಿ ಹೊಡೆದು ಹಾರಿಸಬೇಡಿ, ಒಳಗೆಳೆದುಕೊಂಡರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಯಾಡಿನ ಕಿವಿ ಕೂರೋ ಜಾಗವನ್ನ ತಂತಿ ಬ್ರಶ್‌ನಲ್ಲಿ ಉಜ್ಜಿ. ಹೊಸ ಪ್ಯಾಡ್ ಅಲ್ಲಿ ಸುತ್ತಿಗೆ ಇಲ್ಲದೆ ಜಾರಬೇಕು. ಬಡಿದು ಕೂರಿಸಿದರೆ ಅದೂ ಜಾಮೇ.

ಪಿನ್ ತುಕ್ಕು ಹಿಡಿದಿದ್ದರೆ, ಗೀರು ಬಿದ್ದಿದ್ದರೆ ಹೊಸದು ಹಾಕಿ. ಪಿನ್ ಕೂರೋ ತೂತನ್ನ ಒಳಗೆಲ್ಲ ಒರೆಸಿ. ರಬ್ಬರ್ ಹೊಸದು. ಬ್ರೇಕಿಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್, ತೆಳ್ಳಗೆ. ಜಾಸ್ತಿ ತುಂಬಿದರೆ ಗಾಳಿ ಸಿಕ್ಕಿಹಾಕಿಕೊಂಡು ಪಿನ್ ಹಿಂದಕ್ಕೆ ತಳ್ಳುತ್ತೆ. ಎರಡು ಪಿನ್ ಬೇರೆ ಬೇರೆ ಥರ ಇದ್ದರೆ ಯಾವುದು ಮೇಲಿತ್ತು ಅಂತ ಬಿಚ್ಚೋ ಮುಂಚೆ ಫೋಟೋ ತೆಗೆಯಿರಿ.

ಪಿಸ್ಟನ್ ನೋಡಿ. ಧೂಳು ತಡೆಯೋ ರಬ್ಬರ್ ಹರಿದಿದೆಯಾ? ಹರಿದಿದ್ದರೆ ಒಳಗೆ ನೀರು ಹೋಗಿ ತುಕ್ಕಾಗಿರುತ್ತೆ. ಸಿ ಕ್ಲಾಂಪ್‌ನಲ್ಲಿ ನಿಧಾನ ಒತ್ತಿದರೆ ಒಂದೇ ಸಮ ಒಳಗೆ ಹೋಗಬೇಕು. ಒತ್ತೋವಾಗ ನಿಪ್ಪಲ್ ಬಿಚ್ಚಿ ಹಳೇ ಆಯಿಲ್ ಹೊರಗೆ ಬಿಡಿ, ಕೊಳೆ ಎಬಿಎಸ್ ಕಡೆ ಹೋಗದಿರಲಿ. ಪಿಸ್ಟನ್ನೇ ಹಿಡಿದಿದ್ದರೆ ಹೊಸ ಸೀಲ್ ಕಿಟ್, ಪಿಸ್ಟನ್ ಮೈ ಗುಳಿ ಬಿದ್ದಿದ್ದರೆ ಹೊಸ ಕ್ಯಾಲಿಪರ್. ಗುಳಿ ಬಿದ್ದದ್ದನ್ನ ಎಮರಿ ಪೇಪರಲ್ಲಿ ಉಜ್ಜಿ ವಾಪಸ್ ಹಾಕಬೇಡಿ. ಹಿಂದೆಯೂ ಡಿಸ್ಕ್ ಇರೋ ಕಾರಲ್ಲಿ ಹ್ಯಾಂಡ್ ಬ್ರೇಕ್ ಕ್ಯಾಲಿಪರಲ್ಲೇ ಇದ್ದರೆ ಪಿಸ್ಟನ್ ಬರೀ ಒತ್ತಿದರೆ ಹೋಗಲ್ಲ, ತಿರುಗಿಸಬೇಕಾಗುತ್ತೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮನೇಲಿ ಕೈ ಹಾಕಲೇಬೇಡಿ.

ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರ್ತಾರೆ, ಅಳೆಯಿರಿ. ನಮ್ಮದು ಬಿರುಕು ಬಿಟ್ಟಿತ್ತು, ಎಡ ಬಲ ಎರಡೂ ಹೊಸದು ಹಾಕಿದ್ವಿ. ಪ್ಯಾಡೂ ಎರಡೂ ಕಡೆ.

ಕೊನೆಗೆ ಆಯಿಲ್ ಪೂರ್ತಿ ಬದಲಾಯಿಸಿ ಗಾಳಿ ತೆಗೆದ್ವಿ. ಹಳೇದು ಕಾಫಿ ಡಿಕಾಕ್ಷನ್ ಬಣ್ಣ ಇತ್ತು.

ಗಾಡಿ ಅಲುಗಿಸೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ಪಂಪ್ ಮಾಡಿ. ಇದನ್ನ ಮರೆತರೆ ಮೊದಲ ಬ್ರೇಕ್ ಇರೋದೇ ಇಲ್ಲ.

ಪೋಸ್ಟ್ 8/9

ಈಗ ನನ್ನ ಅಭಿಪ್ರಾಯ. ಒಪ್ಪದಿದ್ದರೆ ಕಾಮೆಂಟಲ್ಲಿ ಜಗಳ ಆಡಿ.

ಪ್ಯಾಡ್ ಬದಲಾಯಿಸೋದು ರಿಪೇರಿ ಅಲ್ಲ. ಪ್ಯಾಡ್ ಸವೆಯೋಕೆ ಅಂತಲೇ ಇರೋದು, ಬದಲಾಯಿಸಲೇಬೇಕು. ಆದರೆ ಒಂದೇ ಚಕ್ರದ್ದು, ಒಂದೇ ಕಡೆ, ಅವಧಿಗೆ ಮುಂಚೆ ಸವೆದಿದ್ದರೆ ಅದು ಯಾವುದೋ ಕಾಯಿಲೆಯ ಗುರುತು. ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸಿ, ಮುಂದಿನ ತಿಂಗಳು ಮತ್ತೆ ಮಾತ್ರೆ ಕೊಡೋ ಹಾಗೆ ನಾವು ಪ್ಯಾಡ್ ಹಾಕಿಸ್ತಿದ್ದೀವಿ. ತಪ್ಪು ಗ್ಯಾರೇಜಿನವರದ್ದೊಂದೇ ಅಲ್ಲ. "ಎಷ್ಟಾಗುತ್ತೆ, ಬೇಗ ಮಾಡಿಕೊಡಿ" ಅಂತ ಕೇಳೋರು ನಾವು. "ಯಾಕೆ ಸವೆಯಿತು" ಅಂತ ಕೇಳಿದರೆ ಅವರೂ ನೋಡ್ತಾರೆ. ನಮಗೆ ಪಿನ್, ರಬ್ಬರ್, ಗ್ರೀಸ್ ಸೇರಿ ಆದ ಖರ್ಚು ಒಂದು ಸೆಟ್ ಪ್ಯಾಡ್‌ಗಿಂತ ಕಮ್ಮಿ. ಕೇಳದೇ ಇದ್ದದ್ದಕ್ಕೆ ಎರಡು ಸೆಟ್ ಪ್ಯಾಡ್, ಎರಡು ಡಿಸ್ಕ್ ಹೋಯ್ತು.

ಹಾಗಾಗಿ ಮುಂದಿನ ಸಲ ಗ್ಯಾರೇಜಲ್ಲಿ ಮೂರು ಮಾತು ಕೇಳಿ. ಒಂದು, "ಅಣ್ಣಾ, ಹಳೇ ಪ್ಯಾಡ್ ನಾಲ್ಕೂ ತೋರಿಸಿ." ಎರಡು, "ಪಿನ್ ಬಿಚ್ಚಿ ನೋಡಿದ್ರಾ, ಯಾವ ಗ್ರೀಸ್ ಹಾಕಿದ್ರಿ?" ಮೂರು, "ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?" ಮರ್ಯಾದೆಯಿಂದ ಕೇಳಿದರೆ ಒಳ್ಳೇ ಮೆಕ್ಯಾನಿಕ್ ಬೇಜಾರಾಗಲ್ಲ, ಖುಷಿ ಪಡ್ತಾರೆ.

ಮತ್ತೆ ರೀಲ್ಸ್. "ಬ್ರೇಕ್ ಜಾಮಾ? ಈ ಸ್ಪ್ರೇ ಹೊಡೀರಿ" ಅಂತ ತುಕ್ಕು ಬಿಡಿಸೋ ಸ್ಪ್ರೇ ತೋರಿಸ್ತಾರೆ. ಆ ಎಣ್ಣೆ ಪ್ಯಾಡಿಗೆ ತಾಗಿದರೆ ಪ್ಯಾಡ್ ಹಿಡಿಯಲ್ಲ, ರಬ್ಬರಿಗೆ ತಾಗಿದರೆ ನಮ್ಮ ಕಥೆಯೇ. ಮೂವತ್ತು ಸೆಕೆಂಡಲ್ಲಿ ಯಾವ ಗ್ರೀಸ್ ಅಂತ ಹೇಳೋಕೆ ಟೈಮ್ ಇರಲಿಲ್ಲ ಆ ರೀಲಲ್ಲಿ. ಕೇಳೋಕೆ ನನಗೂ ತಾಳ್ಮೆ ಇರಲಿಲ್ಲ. ನನ್ನ ಹಳೇ ಸ್ಟೋರಿ ನೋಡಿ ಯಾರಾದರೂ ಹಾಗೇ ಮಾಡಿದ್ದರೆ, ದಯವಿಟ್ಟು ಈ ವಾರವೇ ಪಿನ್ ಬಿಚ್ಚಿಸಿ ನೋಡಿ. ಈ ಸರಣಿ ಬರೆಯೋಕೆ ನಿಜವಾದ ಕಾರಣ ಅದು.

ಪೋಸ್ಟ್ 9/9

"ಹಂಗಾದ್ರೆ ಹುಡುಗರು ಬ್ರೇಕ್ ಮುಟ್ಟಲೇಬಾರದು, ಗ್ಯಾರೇಜಿಗೇ ಬಿಡಬೇಕು" ಅಂತ ಅಪ್ಪ ಅಂದ್ರು. ನನ್ನ ಕಥೆ ಕೇಳಿದ ಮೇಲೆ ನೀವೂ ಅಂತೀರಿ. ಅರ್ಧ ಒಪ್ತೀನಿ.

ಬಿಚ್ಚೋದು ಗೊತ್ತಿರೋರ ಕೆಲಸ. ನನ್ನ ಹಾಗೆ ಅರ್ಧಂಬರ್ಧ ಗೊತ್ತಿರೋನು ಏನೂ ಗೊತ್ತಿಲ್ಲದವನಿಗಿಂತ ಅಪಾಯ. ಆದರೆ ಪತ್ತೆ ಹಚ್ಚೋದು ಗಾಡೀಲಿ ಕೂರೋ ಎಲ್ಲರ ಕೆಲಸ. ಅವತ್ತು ಎಳೆತ ಅಪ್ಪನಿಗೆ ಗೊತ್ತಾಯ್ತು, ವಾಸನೆ ಅಮ್ಮನಿಗೂ ಬಂದಿತ್ತಂತೆ. ಟೋಲ್ ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಇಳಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಹಿಡಿದಿದ್ದರೆ ಎರಡು ನಿಮಿಷದ ಕೆಲಸ. ಇಳಿಯೋಕೆ ಪಾನಾ ಬೇಕಾ? ಡಿಪ್ಲೊಮಾ ಬೇಕಾ?

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಹೈವೇ ನೇರ ಇದೆ, ಹಿರಿಯೂರಿಂದ ಚಿತ್ರದುರ್ಗದವರೆಗೆ ಬ್ರೇಕ್ ಮುಟ್ಟದೆ ಹೋಗ್ತೀವಿ, ಜಾಮ್ ಆಗಿದ್ದರೂ ಪೆಡಲ್ ಒತ್ತೋವರೆಗೆ ಗೊತ್ತಾಗಲ್ಲ. ಬೆಂಗಳೂರಲ್ಲಿ ಕೆಲಸ ಮಾಡೋರು ಊರಲ್ಲಿ ಕಾರು ಬಿಟ್ಟು ಹೋಗ್ತಾರೆ. ತಿಂಗಳುಗಟ್ಟಲೆ ನಿಂತ ಗಾಡಿಯ ಪ್ಯಾಡ್ ಡಿಸ್ಕಿಗೆ ಅಂಟುತ್ತೆ, ಹ್ಯಾಂಡ್ ಬ್ರೇಕ್ ಕೇಬಲ್ ಹಿಡಿಯುತ್ತೆ. ತುಂಬಾ ದಿನ ನಿಲ್ಲಿಸೋದಾದರೆ ಹ್ಯಾಂಡ್ ಬ್ರೇಕ್ ಬದಲು ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ನಾವೆಲ್ಲ ಕಾರು ತಗೊಂಡು ನೋಡೋಕೆ ಓಡಿದ್ವಿ, ನೀರಲ್ಲೂ ಓಡಿಸಿದ್ವಿ. ಹರಿದ ರಬ್ಬರಿನೊಳಗೆ ಹೋದ ಆ ನೀರನ್ನ ಆಮೇಲೆ ಯಾರು ನೋಡಿದ್ರು? ಹಾಗೆ ನೀರಲ್ಲಿ ಓಡಿಸಿದರೆ ವಾರದೊಳಗೆ ಚಕ್ರ ಬಿಚ್ಚಿಸಿ ಒಮ್ಮೆ ನೋಡಿಸಿ.

ಅಪ್ಪ ಈಗ ಪ್ರತಿ ಸಲ ದೂರದ ಪ್ರಯಾಣದಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಗಾಡಿ ಸುತ್ತ ಒಂದು ಸುತ್ತು ಹಾಕ್ತಾರೆ. ನಾಲ್ಕು ಚಕ್ರಕ್ಕೂ ಅಂಗೈ ಹಿಡೀತಾರೆ. ನೋಡಿದವರು ಪೂಜೆ ಮಾಡ್ತಿದ್ದಾರೆ ಅಂದ್ಕೋಬೇಕು. ಅಜ್ಜಿಗೆ ಕಣ್ಣು ಚೆನ್ನಾಗಿ ಕಾಣ್ತಿದೆ. "ಏನೋ ಅದು, ನಿಮ್ಮಪ್ಪ ಗಾಡಿಗೆ ಜ್ವರ ನೋಡ್ತಾನಾ?" ಅಂತ ಕೇಳಿದ್ಲು ಮೊನ್ನೆ.

ಹೌದಜ್ಜಿ, ಜ್ವರಾನೇ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಗಾಡಿಗೂ ಒಮ್ಮೆ ನೋಡಿ. ಎಡ ಬಲ ಒಂದೇ ಥರ ಇತ್ತಾ ಇಲ್ವಾ, ಕಾಮೆಂಟಲ್ಲಿ ಹೇಳಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ನನಗೆ ಹೇಳಬೇಡಿ, ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ.

#ಐಮಂಗಲ #ಹಿರಿಯೂರು #ಬ್ರೇಕ್‌ಜಾಮ್ #ಕಾರಣಕೇಳಿ